ಖಾಲಿ ತೋಟಾ ಲೇತಿಗಲ್ಲ, ಲೆಕ್ಕಕ್ಕೆ

ಅಳಿಯಾ, ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಗಿರಾಕಿಗಳಿದ್ದರು; ಬಂದೂಕು, ತೋಟಾದ ಮಾತು ನಾಲ್ಕು ಜನರ ಮುಂದೆ ಆಡುವಂಥದ್ದಲ್ಲ. ರಿವಾಲ್ವರಿನ ಖಾಲಿ ತೋಟಾಗಳ ಬಾಯನ್ನು ನನ್ನ ಲೇತಿನಲ್ಲಿ ಒಂದೇ ಅಳತೆಗೆ ಕತ್ತರಿಸಿ ಕೊಟ್ಟರೆ, ಮದ್ದು ಗುಂಡು ತುಂಬುವುದನ್ನು ನೀನೇ ನೋಡಿಕೊಳ್ಳುವುದಾಗಿ ಹೇಳಿದೆ. ಚನ್ನಪಟ್ಟಣದಲ್ಲಿ ಲೇತಿಗೆ ಬರವಿಲ್ಲ ನಿಜ. ಆದರೆ ಈ ಕೆಲಸ ನಾನು ಮಾಡಿಕೊಡುವುದಿಲ್ಲ, ಬೇರೆ ಯಾರ ಹತ್ತಿರವೂ ಮಾಡಿಸಬೇಡ.

ಕೆಲಸ ಗೊತ್ತಿಲ್ಲದೆ ಹೇಳುತ್ತಿಲ್ಲ. ನಿನ್ನ .32 ತೋಟಾದ ಕೊಳವೆ ಉದ್ದ ಹೆಚ್ಚೆಂದರೆ 0.920 ಇಂಚು, ಅಂದರೆ 23.4 ಮಿಲಿಮೀಟರಿಗೆ ಕೂದಲೆಳೆ ಕಡಿಮೆ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಗುಂಡು ಹಾರುವಾಗ ಕೊಳವೆ ಉಬ್ಬಿ, ರಿವಾಲ್ವರಿನಲ್ಲಿ ತೋಟಾ ಕೂರುವ ಕೋಣೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಒತ್ತಡ ಇಳಿದ ಮೇಲೆ ತುಸು ಕುಗ್ಗುತ್ತದೆ. ಮತ್ತೆ ತುಂಬಬೇಕೆಂದರೆ ಅದನ್ನು ಅಚ್ಚಿಗೆ ತಳ್ಳಿ ಮೊದಲಿನ ಗಾತ್ರಕ್ಕೆ ತರಬೇಕು. ಹೀಗೆ ಉಬ್ಬಿ ಕುಗ್ಗಿ ಹಿತ್ತಾಳೆ ಗಡುಸಾಗುತ್ತದೆ, ಕೊನೆಗೊಂದು ದಿನ ಬಾಯಿಯ ಅಂಚು ಸೀಳುತ್ತದೆ.

ರಿವಾಲ್ವರಿನಲ್ಲಿ ತೋಟಾ ಕೋಣೆಯೊಳಗೆ ಎಲ್ಲಿ ನಿಲ್ಲಬೇಕೆಂಬುದನ್ನು ಬುಡದ ಅಂಚುಪಟ್ಟಿ ನೋಡಿಕೊಳ್ಳುತ್ತದೆ. ಹಾಗಿದ್ದ ಮೇಲೆ ಉದ್ದ ಒಂದು ಎಳೆ ಹೆಚ್ಚುಕಡಿಮೆಯಾದರೆ ಏನಂತೆ ಅನ್ನಿಸಬಹುದು. ತೊಂದರೆ ಬಾಯಿಯ ಹತ್ತಿರ. ಗುಂಡನ್ನು ಕಚ್ಚಿ ಹಿಡಿಯಲೆಂದು ಕೊಳವೆಯ ಬಾಯನ್ನು ಒಳಕ್ಕೆ ಮಡಿಸುತ್ತಾರೆ. ಒಂದು ಗಿಡ್ಡ ಒಂದು ಉದ್ದ ಇದ್ದರೆ ಎಲ್ಲದರ ಹಿಡಿತವೂ ಒಂದೇ ಆಗಿರುವುದಿಲ್ಲ. ಹಿಡಿತ ಸಡಿಲವಾದರೆ ಮೊದಲ ಗುಂಡಿನ ಹಿನ್ನೂಕಿಗೆ ಉಳಿದ ಗುಂಡುಗಳು ಮುಂದಕ್ಕೆ ಜಾರಿ ತಿರುಗಣೆಯಿಂದ ಮೂತಿ ಹೊರಹಾಕುತ್ತವೆ. ತಿರುಗಣೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಉದ್ದ ಹೆಚ್ಚಾದರೆ ಅಚ್ಚು ಬಾಯನ್ನು ಅತಿಯಾಗಿ ಅಮುಕಿ ಕೊಳವೆ ಕೆಳಗೆ ಉಬ್ಬುತ್ತದೆ, ಕೋಣೆಯೊಳಗೆ ಇಳಿಯುವುದೇ ಇಲ್ಲ. ಅದಕ್ಕೇ ಬೇರೆ ದೇಶಗಳಲ್ಲಿ ವರ್ಷಕ್ಕೆ ಸಾವಿರಾರು ಗುಂಡು ಹಾರಿಸುವ ಸ್ಪರ್ಧಿಗಳು ವರ್ನಿಯರ್ ಹಿಡಿದು ಅಳೆದು, ಕತ್ತರಿಸಿ, ಒಳಗೂ ಹೊರಗೂ ಚೂರಂಚು ತೆಗೆದು ತುಂಬುತ್ತಾರೆ. ಅವರಿಗೆ ಅದು ದುಡ್ಡಿನ ಉಳಿತಾಯ, ಅವರ ನಾಡಿನ ಕಾನೂನೂ ಒಪ್ಪುತ್ತದೆ. ನೀನು ವರ್ಷಕ್ಕೆ ಎಷ್ಟು ಗುಂಡು ಹಾರಿಸುತ್ತೀಯ ಅಂತ ನಿನ್ನನ್ನೇ ಕೇಳಿಕೋ.

ಇನ್ನು ಅಪಾಯದ ಮಾತು. ರಿವಾಲ್ವರ್ ತೋಟಾಕ್ಕೆ ಹಿಡಿಯುವ ಮದ್ದು ಚಿಟಿಕೆಯಷ್ಟು. ಮರೆತು ಎರಡು ಸಲ ಸುರಿದರೂ ಎಷ್ಟೋ ಬಾರಿ ಕಣ್ಣಿಗೆ ಬೀಳುವುದಿಲ್ಲ, ಕೊಳವೆ ತುಂಬಿ ಚೆಲ್ಲುವುದೂ ಇಲ್ಲ. ನಿನ್ನದು ಕಾನ್ಪುರದಲ್ಲಿ ತಯಾರಾದ, ಹಳೆಯ ವೆಬ್ಲೀ ಮಾದರಿಯಲ್ಲಿ ಮೇಲಿಂದ ಬಿಚ್ಚಿ ಬಾಗಿಸುವ ರಿವಾಲ್ವರ್. ಒಂದು ಕೊಂಡಿಯ ಮೇಲೆ ನಿಂತ ಕಟ್ಟು ಅದು. ಎರಡು ಪಾಲು ಮದ್ದಿನ ಏಟನ್ನು ನಿನ್ನ ಕೈಯಲ್ಲೇ ಪರೀಕ್ಷೆ ಮಾಡಬೇಕೆ?

ಕಾನೂನನ್ನೂ ಸರಿಯಾಗಿ ತಿಳಿದುಕೋ. ನಿನ್ನ ಹತ್ತಿರ ಇರುವುದು ಇಟ್ಟುಕೊಳ್ಳುವ ಲೈಸೆನ್ಸು, ತಯಾರಿಸುವ ಲೈಸೆನ್ಸಲ್ಲ. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರ ಅಲ್ಲ. ತೋಟಾದ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಅದರೊಳಗೇ ಬರುತ್ತವೆ. ನೀನು ಆರ್ಡರ್ ಮಾಡಲು ಹೊರಟಿರುವ ಅಚ್ಚು, ಕತ್ತರಿಸುವ ಉಪಕರಣ, ಆ ಪುಟ್ಟ ಕೇಪುಗಳು ಎಲ್ಲ ಆ ಲೆಕ್ಕಕ್ಕೇ. 2019ರ ತಿದ್ದುಪಡಿಯಾದ ಮೇಲೆ ಅನುಮತಿಯಿಲ್ಲದೆ ತಯಾರಿಸಿದವರಿಗೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಶಿಕ್ಷೆ. ನನ್ನ ಲೇತೂ ನಿನ್ನ ಜೊತೆ ಠಾಣೆ ಸೇರುತ್ತದೆ. ಕೊಡಗಿನವರಿಗೆ ಇಲ್ಲವೇ ರಿಯಾಯಿತಿ ಅಂದೆಯಲ್ಲ, ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿಷಯದಲ್ಲಿ ಕೊಟ್ಟಿರುವ ವಿನಾಯಿತಿ. ಕನಕಪುರದ ನಿನಗೂ ಅದಕ್ಕೂ ಸಂಬಂಧವಿಲ್ಲ, ತೋಟಾ ತಯಾರಿಕೆಗಂತೂ ಇಲ್ಲವೇ ಇಲ್ಲ.

ಈಗ ನಿನಗೆ ನಿಜವಾಗಿ ಬೇಕಾದ ಹಿತ್ತಾಳೆ ವಿದ್ಯೆ ಹೇಳುತ್ತೇನೆ. ಅಕ್ಕ ಹೇಳಿದಳು, ತೋಟಾ ಪೆಟ್ಟಿಗೆಯನ್ನು ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೀಯಂತೆ, ಮಕ್ಕಳ ಕೈಗೆ ಸಿಗಬಾರದೆಂದು. ಉದ್ದೇಶ ಒಳ್ಳೆಯದು, ಜಾಗ ಕೆಟ್ಟದ್ದು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಸೈನ್ಯದವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ, ಯಾರೂ ಮುಟ್ಟದ ತೋಟಾಗಳು ತಮ್ಮಷ್ಟಕ್ಕೆ ತಾವೇ ಸೀಳಿರುತ್ತಿದ್ದವು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ: ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಜೊತೆಗೆ ಕೊಳವೆ ಎಳೆದು ಮಾಡುವಾಗ ಹಿತ್ತಾಳೆಯೊಳಗೆ ಉಳಿದಿರುವ ಬಿಗಿತ. ಈ ಮೂರೂ ಸೇರಿದರೆ ಹಿತ್ತಾಳೆ ಬಿರಿಯುತ್ತದೆ. ಹಸುವಿನ ಗಂಜಲವೂ ಅದನ್ನೇ ಮಾಡುತ್ತದೆ. ಹಾಗಂತ ಪೆಟ್ಟಿಗೆಯನ್ನು ಹುಳುಮನೆಗೆ ಸಾಗಿಸಬೇಡ. ರೇಷ್ಮೆ ಹುಳ ಸಾಕುವ ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುತ್ತೀರಲ್ಲ, ಅದರ ಗಾಳಿಗೆ ರಿವಾಲ್ವರಿನ ಉಕ್ಕು ತುಕ್ಕು ಹಿಡಿಯುತ್ತದೆ. ಮನೆಯೊಳಗೆ, ಗಟ್ಟಿ ಬೀಗದ ಕಪಾಟಿನಲ್ಲಿ, ರಿವಾಲ್ವರ್ ಒಂದು ಕಡೆ ತೋಟಾ ಒಂದು ಕಡೆ ಇರಲಿ.

ಚರ್ಮದ ಬೆಲ್ಟಿನ ಕಣ್ಣಿಗಳಲ್ಲಿ ತೋಟಾ ಸಿಕ್ಕಿಸಿ ತಿಂಗಳುಗಟ್ಟಲೆ ಬಿಡಬೇಡ. ಚರ್ಮ ಹದಮಾಡಿದ ಕಾರಕ್ಕೆ ಹಿತ್ತಾಳೆ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬು ಕಂಡಿತೆಂದು ಅಕ್ಕ ದೀಪದ ಕಂಬಕ್ಕೆ ಹುಣಸೆಹಣ್ಣು ತಿಕ್ಕುವ ಹಾಗೆ ನೀನು ತಿಕ್ಕಲು ಹೋಗಬೇಡ. ಹುಳಿ ಹೆಚ್ಚಾದರೆ ಸತು ಕರಗಿ ಮೇಲೆ ತಾಮ್ರದ ನಸುಗೆಂಪು ಉಳಿಯುತ್ತದೆ. ನೋಡಲು ಚೆಂದ, ಆದರೆ ಹಾಗೆ ಕೆಂಪು ಮಚ್ಚೆ ಬಿದ್ದ ಹಿತ್ತಾಳೆಯಲ್ಲಿ ಸತ್ವವಿಲ್ಲ. ಅಂಗಡಿಯ ಪಾಲಿಶುಗಳಲ್ಲಿ ಕೆಲವಕ್ಕೆ ಅಮೋನಿಯಾ ಹಾಕಿರುತ್ತಾರೆ, ಅದೂ ಬೇಡ. ಒಣಬಟ್ಟೆಯಲ್ಲಿ ಒರೆಸು, ಸಾಕು. ರಿವಾಲ್ವರಿಗೆ ಹಚ್ಚಿದ ಎಣ್ಣೆ ಕೈಯಲ್ಲಿದ್ದಾಗ ತೋಟಾ ಮುಟ್ಟಬೇಡ, ಬುಡದ ಕೇಪಿನ ಸುತ್ತ ಎಣ್ಣೆ ಇಳಿದರೆ ತೋಟಾ ಠುಸ್ ಆಗುತ್ತದೆ. ಕುದುರೆ ಒತ್ತಿದ ಮೇಲೂ ಹಾರಲಿಲ್ಲವಾದರೆ ತಕ್ಷಣ ಬಿಚ್ಚಬೇಡ. ನಳಿಗೆ ನೆಲದ ಕಡೆಗೋ ದಿಬ್ಬದ ಕಡೆಗೋ ಇಟ್ಟು ಅರ್ಧ ನಿಮಿಷ ಕಾಯಿ.

ಬಿಚ್ಚಿ ಬಾಗಿಸಿದಾಗ ಆರೂ ಖಾಲಿ ತೋಟಾ ಒಟ್ಟಿಗೆ ಮೇಲೇಳುತ್ತವೆ ನೋಡು, ಆಗ ನಳಿಗೆಯ ಮೂತಿ ಮುಗಿಲ ಕಡೆ ಇರುವಂತೆ ಹಿಡಿದು ಚುರುಕಾಗಿ ಬಿಚ್ಚು. ಮೆಲ್ಲಗೆ ಅರ್ಧಂಬರ್ಧ ಬಿಚ್ಚಿದರೆ ಒಂದು ಕೊಳವೆ, ತೋಟಾಗಳನ್ನು ಮೇಲೆತ್ತುವ ನಕ್ಷತ್ರದಂಥ ಭಾಗದ ಕೆಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸುವಷ್ಟು ಗೋಳು ಬೇರೊಂದಿಲ್ಲ. ತಿರುಗಣೆಯನ್ನು ಆಟಕ್ಕೆ ತಿರುಗಿಸಲೂಬೇಡ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ತೆಗೆದ ಶೋಲೆ ಸಿನಿಮಾ, 1975ರಲ್ಲಿ ಬಂದದ್ದು, ನಮ್ಮೂರ ಹುಡುಗರ ತಲೆಯಿಂದ ಇನ್ನೂ ಇಳಿದಿಲ್ಲ. ಗಬ್ಬರ್ ಸಿಂಗ್ ಮೂರು ಗುಂಡು ಹಾರಿಸಿ, ಮಿಕ್ಕ ಮೂರನ್ನು ಇಟ್ಟುಕೊಂಡು ತಿರುಗಣೆ ಗಿರ್ರನೆ ತಿರುಗಿಸಿ ಮೂವರ ತಲೆಗೂ ಹಿಡಿಯುತ್ತಾನೆ. ಎಲ್ಲಿ ಗುಂಡಿದೆ, ಎಲ್ಲಿ ಇಲ್ಲ ಅನ್ನುವುದು ಅವನಿಗೂ ಗೊತ್ತಿಲ್ಲ ಎಂಬುದೇ ಆ ದೃಶ್ಯದ ಮಜಾ. ನಿನ್ನ ಸ್ನೇಹಿತರು ಆ ಮಜಾ ಕೇಳಿದರೆ ಸಿನಿಮಾ ಹಾಕಿಕೊಡು.

ಸಾತನೂರಿನ ಕಡೆ ಕಾವೇರಿ ಕಾಡಿನಿಂದ ಆನೆ ಇಳಿದರೆ, ಮಾಗಡಿಯ ನೆಂಟರ ತೋಟದಲ್ಲಿ ಚಿರತೆ ಕಂಡರೆ ಅರಣ್ಯ ಇಲಾಖೆಗೆ ಫೋನು ಮಾಡು. ರಿವಾಲ್ವರ್ ಆ ಕೆಲಸದ್ದಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ.

ಖಾಲಿಗಳನ್ನು ಏನು ಮಾಡಲಿ ಎಂದು ಕೇಳುತ್ತೀಯ. ಒಂದು ಡಬ್ಬಿಯಲ್ಲಿ ಹಾಕಿಡು, ಗುಜರಿಯವನಿಗೆ ಕೊಡಬೇಡ, ಮಕ್ಕಳಿಗೆ ಪೀಪಿ ಊದಲು ಕೊಡಬೇಡ, ಕೀಚೈನು ಮಾಡಿಸಬೇಡ. ಕೀಚೈನಿನ ತೋಟಾ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡು ಪೊಲೀಸರ ಮುಂದೆ ಕೂತವರು ಎಷ್ಟೋ ಮಂದಿ. ಗೊತ್ತಿಲ್ಲದೆ ಚೀಲದಲ್ಲಿ ಉಳಿದಿತ್ತೆಂದು ಕೋರ್ಟು ಕೊನೆಗೆ ಬಿಡಬಹುದು, ಅಷ್ಟರಲ್ಲಿ ವಿಮಾನವೂ ಹೋಯಿತು ವಕೀಲರ ಫೀಸೂ ಹೋಯಿತು. ಒಂದು ಪುಸ್ತಕದಲ್ಲಿ ಕೊಂಡ ತಾರೀಕು, ಎಷ್ಟು ಕೊಂಡೆ, ಎಷ್ಟು ಹಾರಿಸಿದೆ, ಎಲ್ಲಿ ಹಾರಿಸಿದೆ, ಖಾಲಿ ಎಷ್ಟು ಎಂದು ಬರೆದಿಡು. ಕೊಂಡ ಅಂಗಡಿಯವನು ಲೈಸೆನ್ಸಿನಲ್ಲಿ ಬರೆಯುವ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ತಾಳೆಯಾಗಬೇಕು. ನವೀಕರಣಕ್ಕೆ ಹೋದಾಗ ಯಾರಾದರೂ ಕೇಳಿದರೆ ಡಬ್ಬಿಯೂ ಪುಸ್ತಕವೂ ಮುಂದಿಡಬಹುದು.

ಗುರಿ ಕಲಿಯುವ ಆಸೆ ನಿಜವಾಗಿದ್ದರೆ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸು, ಆ ಖರ್ಚಿಗೆ ನಾನೂ ಕೈ ಸೇರಿಸುತ್ತೇನೆ. ಇನ್ನೊಂದು: ಚುನಾವಣೆ ಘೋಷಣೆಯಾದಾಗ ರಿವಾಲ್ವರ್ ಠೇವಣಿ ಇಡಲು ಠಾಣೆಯಿಂದ ಕರೆ ಬಂದರೆ ಗೊಣಗದೆ ಇಟ್ಟು ಬಾ. ರಸೀದಿಯಲ್ಲಿ ರಿವಾಲ್ವರಿನ ನಂಬರೂ ತೋಟಾದ ಸಂಖ್ಯೆಯೂ ಬರೆಸಿಕೊಂಡೇ ಮೆಟ್ಟಿಲಿಳಿ. ಬರಿ ರಿವಾಲ್ವರ್ ಒಂದು ಎಂದು ಗೀಚಿ ಕೊಟ್ಟರೆ ಒಪ್ಪಬೇಡ.