ನೆರೆಹೊರೆಯ ಆಸ್ತಿ ದೂರುಗಳ ವಿಲೇವಾರಿ: ಸದಸ್ಯರು ಅರಿತಿರಬೇಕಾದ ಅಂಶಗಳು

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪೀಠಿಕೆ

2023ರ ಅಕ್ಟೋಬರ್ 7ರ ಶನಿವಾರ ಮಧ್ಯಾಹ್ನ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆ ಹಾಗೂ ಅದರ ದಾಸ್ತಾನಿಗೆ ಬೆಂಕಿ ಬಿದ್ದಿತು. ದೀಪಾವಳಿಗೆ ಸರಕು ತರಿಸಿ ಇಳಿಸಿಕೊಳ್ಳುತ್ತಿದ್ದ ಸಮಯವದು. ಹದಿನಾಲ್ಕಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುತೇಕರು ಹಬ್ಬದ ಹಂಗಾಮಿನ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದವರು, ಅನೇಕರು ಎಳೆಯ ವಯಸ್ಸಿನವರು. ಮರುದಿನ ಮುಖ್ಯಮಂತ್ರಿಗಳು ಸ್ಥಳ ಪರಿಶೀಲಿಸಿದರು. ಪ್ರಕರಣದ ತನಿಖೆಯನ್ನು ಸಿಐಡಿಗೆ ವಹಿಸಲಾಯಿತು.

ಪಟಾಕಿ ದಾಸ್ತಾನಿನ ಪರವಾನಗಿಯು 1884ರ ಸ್ಫೋಟಕಗಳ ಕಾಯ್ದೆ ಹಾಗೂ 2008ರ ಸ್ಫೋಟಕಗಳ ನಿಯಮಗಳಿಗೆ ಒಳಪಟ್ಟದ್ದು. ಗ್ರಾಮ ಪಂಚಾಯಿತಿ ನೀಡುವಂಥದ್ದಲ್ಲ. ಅತ್ತಿಬೆಲೆಯೂ ಈಗ ಪುರಸಭೆ. ಆದರೂ ಈ ದುರಂತವು ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೆ ಒಂದು ಪ್ರಶ್ನೆಯನ್ನು ಉಳಿಸಿದೆ. ಒಂದು ಕಟ್ಟಡದೊಳಗೆ ಏನನ್ನು ಇಡಲಾಗಿದೆ, ರಾತ್ರಿ ಯಾವ ವಾಹನ ಬರುತ್ತದೆ, ಎಂಥ ವಾಸನೆ ಹೊಮ್ಮುತ್ತದೆ ಎಂಬುದು ಯಾವ ಇಲಾಖೆಗಿಂತಲೂ ಮೊದಲು ತಿಳಿಯುವುದು ಪಕ್ಕದ ಮನೆಯವರಿಗೆ. ಅವರು ಅದನ್ನು ಹೇಳಲು ಬರುವುದು ಪಂಚಾಯಿತಿ ಕಚೇರಿಗೆ, ಇಲ್ಲವೇ ತಮ್ಮ ವಾರ್ಡಿನ ಸದಸ್ಯರ ಮನೆ ಬಾಗಿಲಿಗೆ. ಹಾಗೆ ಬಂದ ಮಾತು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಪಾಠದ ವಿಷಯ.

ಪ್ರದೇಶದ ಸ್ವರೂಪ

ರಾಷ್ಟ್ರೀಯ ಹೆದ್ದಾರಿ 44ರ ಉದ್ದಕ್ಕೂ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆಗಳನ್ನು ದಾಟಿದರೆ ಹೊಸೂರಿನ ಗಡಿ. ಈ ಪಟ್ಟಿಯಲ್ಲಿ ಗ್ರಾಮಠಾಣಾ, ಭೂ ಪರಿವರ್ತನೆಯಾದ ಬಡಾವಣೆ, ಪರಿವರ್ತನೆಯಾಗದ ರೆವಿನ್ಯೂ ನಿವೇಶನ, ಕೈಗಾರಿಕಾ ಪ್ರದೇಶ, ರಾಗಿ ಹೊಲ, ಕೆರೆಯಂಗಳ ಎಲ್ಲವೂ ಒಂದಕ್ಕೊಂದು ತಾಗಿಕೊಂಡಿವೆ. ದನದ ಕೊಟ್ಟಿಗೆಯಿದ್ದ ಜಾಗದಲ್ಲಿ ಶೀಟು ಹೊದಿಸಿದ ಗೋದಾಮು, ಮೂವತ್ತು-ನಲವತ್ತರ ನಿವೇಶನದಲ್ಲಿ ಹಲವು ಅಂತಸ್ತಿನ ಬಾಡಿಗೆ ಕೊಠಡಿಗಳು, ಹಳೆಯ ಬಂಡಿದಾರಿಯ ಮೇಲೆ ಕಾಂಪೌಂಡು ಎದ್ದು ನಿಂತಿರುವುದು ಸಾಮಾನ್ಯ ನೋಟ. ಆದ್ದರಿಂದ ಇಲ್ಲಿ ಬರುವ ಆಸ್ತಿ ದೂರು ಹಳೆಯ ಕಾಲದ ಬದುವಿನ ಜಗಳದಂತೆ ಕಂಡರೂ ಅದರೊಳಗೆ ಬೇರೆಯೇ ವಿಷಯ ಅಡಗಿರಬಹುದು.

1. ದೂರನ್ನು ಬಿಡಿಸಿ ಓದುವುದು

ಬೋಧನೆಗಾಗಿ ಕಲ್ಪಿಸಿದ ಒಂದು ಅರ್ಜಿಯನ್ನು ನೋಡೋಣ. ಹಿರಿಯರೊಬ್ಬರು ಹೀಗೆ ಬರೆದಿದ್ದಾರೆ: ಪಕ್ಕದವರು ಗೋಡೆಯನ್ನು ಅರ್ಧ ಅಡಿ ನಮ್ಮ ಕಡೆಗೆ ತಂದಿದ್ದಾರೆ, ಚರಂಡಿಯ ಮೇಲೆ ಮೆಟ್ಟಿಲು ಕಟ್ಟಿದ್ದಾರೆ, ಅನುಮತಿ ಇಲ್ಲದೆ ಮೂರನೇ ಅಂತಸ್ತು ಏರಿಸುತ್ತಿದ್ದಾರೆ, ಹಿಂದಿನ ಶೆಡ್ಡಿನಲ್ಲಿ ಡ್ರಮ್ಮುಗಳನ್ನು ಇರಿಸಿದ್ದು ರಾತ್ರಿ ಕಣ್ಣುರಿ ಬರುತ್ತದೆ.

ಇದು ಒಂದು ಅರ್ಜಿಯಾದರೂ ದೂರುಗಳು ನಾಲ್ಕು. ನಾಲ್ಕಕ್ಕೂ ದಾರಿ ಬೇರೆ ಬೇರೆ.

ಅ) ಅರ್ಧ ಅಡಿ ಗೋಡೆ ಇಬ್ಬರು ಖಾಸಗಿಯವರ ನಡುವಿನ ಹಕ್ಕಿನ ವ್ಯಾಜ್ಯ. ಭೂಮಾಪನ ಇಲಾಖೆಯಿಂದ ಹದ್ದುಬಸ್ತು ಅಳತೆ ಮಾಡಿಸಿಕೊಳ್ಳಬಹುದಾದ ಜಮೀನಾದರೆ ಅದಕ್ಕೆ ಅರ್ಜಿ ಸಲ್ಲಿಸಬೇಕು. ಹಕ್ಕಿನ ಅಂತಿಮ ತೀರ್ಮಾನ ಸಿವಿಲ್ ನ್ಯಾಯಾಲಯದ್ದು. ಪಂಚಾಯಿತಿ ಇಬ್ಬರನ್ನೂ ಕೂರಿಸಿ ಮಾತನಾಡಿಸಬಹುದೇ ಹೊರತು ಗಡಿಯನ್ನು ತೀರ್ಮಾನಿಸಲಾಗದು.

ಆ) ಚರಂಡಿಯ ಮೇಲಿನ ಮೆಟ್ಟಿಲು ಸಾರ್ವಜನಿಕ ಜಾಗದ ಒತ್ತುವರಿ. ರಸ್ತೆ, ಚರಂಡಿ, ಪಂಚಾಯಿತಿ ನಿವೇಶನಗಳ ಮೇಲಿನ ಅಡಚಣೆಯನ್ನು ತೆರವುಗೊಳಿಸಲು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯು ಪಂಚಾಯಿತಿಗೇ ಅಧಿಕಾರ ನೀಡಿದೆ. ಒತ್ತುವರಿಯು ಗೋಮಾಳ, ಖರಾಬು, ರಾಜಕಾಲುವೆ ಅಥವಾ ಕೆರೆಯದ್ದಾಗಿದ್ದರೆ 1964ರ ಭೂಕಂದಾಯ ಕಾಯ್ದೆಯಡಿ ತಹಶೀಲ್ದಾರರು ಕ್ರಮ ಕೈಗೊಳ್ಳುತ್ತಾರೆ. ಸಾಮುದಾಯಿಕ ಜಮೀನುಗಳನ್ನು ಒತ್ತುವರಿಯಿಂದ ಮುಕ್ತಗೊಳಿಸಿ ಊರಿನ ಬಳಕೆಗೆ ಮರಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ.

ಇ) ಅನುಮತಿಯಿಲ್ಲದ ಅಂತಸ್ತು ಕಾಯ್ದೆಯ ಪ್ರಕರಣ 64ರ ವ್ಯಾಪ್ತಿಗೆ ಬರುತ್ತದೆ. ಗ್ರಾಮ ಪಂಚಾಯಿತಿಯ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಆನೇಕಲ್ ಯೋಜನಾ ಪ್ರಾಧಿಕಾರದ ಪ್ರದೇಶದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಅನ್ವಯಿಸುತ್ತದೆ. ಕೆಐಎಡಿಬಿ ಕೈಗಾರಿಕಾ ಪ್ರದೇಶದೊಳಗಿನ ಕಟ್ಟಡ ನಕ್ಷೆ ಆ ಮಂಡಳಿಯದು.

ಈ) ಡ್ರಮ್ಮುಗಳಿರುವ ಶೆಡ್ಡು ಬಳಕೆಗೆ ಸಂಬಂಧಿಸಿದ ಮತ್ತು ಅಪಾಯದ ಸಾಧ್ಯತೆಯಿರುವ ದೂರು. ಕಾರ್ಖಾನೆ ಸ್ಥಾಪನೆಗೆ ಮತ್ತು ಯಂತ್ರ ಅಳವಡಿಕೆಗೆ ಪ್ರಕರಣ 66ರಡಿ ಪಂಚಾಯಿತಿಯ ಅನುಮತಿ ಬೇಕು. ಹೊಗೆ, ವಾಸನೆ, ತ್ಯಾಜ್ಯ ನೀರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಬೆಂಕಿಯ ಭಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ, ಕಾರ್ಮಿಕರ ಸುರಕ್ಷತೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ, ಸ್ಫೋಟಕದ ಶಂಕೆಯಿದ್ದರೆ ಪೊಲೀಸ್ ಠಾಣೆ ಮತ್ತು ಜಿಲ್ಲಾಧಿಕಾರಿಗಳ ಕಚೇರಿಗೆ ಸಂಬಂಧಿಸಿದ್ದು.

ಸದಸ್ಯರು ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು. ಅರ್ಜಿದಾರರು ತಮ್ಮ ಮನಸ್ಸನ್ನು ಹೆಚ್ಚು ನೋಯಿಸಿದ ಗೋಡೆಯನ್ನು ಮೊದಲು ಬರೆದಿದ್ದಾರೆ. ಹಲವರ ಜೀವಕ್ಕೆ ಸಂಬಂಧಿಸಿದ ಡ್ರಮ್ಮುಗಳನ್ನು ಕೊನೆಗೆ ಬರೆದಿದ್ದಾರೆ. ಕಚೇರಿಯು ಮೊದಲ ಸಾಲನ್ನು ಓದಿ "ಇದು ಸಿವಿಲ್ ವ್ಯಾಜ್ಯ" ಎಂದು ಅರ್ಜಿಯನ್ನು ಮುಕ್ತಾಯಗೊಳಿಸಿದರೆ ಕೊನೆಯ ಸಾಲೂ ಅದರೊಡನೆ ಕಡತ ಸೇರುತ್ತದೆ. ಆದ್ದರಿಂದ ಯಾವುದೇ ಅರ್ಜಿಯನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ಜೀವಕ್ಕೆ ಅಪಾಯ ತರುವಂಥ ಸಂಗತಿ ಇದೆಯೇ? ಇದ್ದರೆ ಆ ಭಾಗ ಅದೇ ದಿನ ಪ್ರತ್ಯೇಕ ಪತ್ರವಾಗಿ ಹೊರಡಬೇಕು.

2. ಅರ್ಜಿದಾರರ ಉದ್ದೇಶ ಮತ್ತು ದೂರಿನ ಸತ್ಯ

"ಇಬ್ಬರಿಗೂ ಹಳೆಯ ದ್ವೇಷ, ಅದಕ್ಕೇ ಅರ್ಜಿ ಕೊಟ್ಟಿದ್ದಾರೆ" ಎಂಬ ಮಾತು ಪಂಚಾಯಿತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ನಿಜವೂ ಇರಬಹುದು. ಆದರೆ ಸ್ನೇಹಿತರು ಒಬ್ಬರ ಮೇಲೊಬ್ಬರು ದೂರು ಕೊಡುವುದು ಅಪರೂಪ. ದೂರು ಕೊಟ್ಟವರು ದ್ವೇಷಿಯಾದ ಮಾತ್ರಕ್ಕೆ ಡ್ರಮ್ಮಿನೊಳಗಿನ ದ್ರಾವಣ ನೀರಾಗುವುದಿಲ್ಲ. ಅರ್ಜಿದಾರರ ಉದ್ದೇಶವನ್ನು ಬದಿಗಿಟ್ಟು ಸ್ಥಳವನ್ನು ನೋಡುವುದೇ ಸರಿಯಾದ ಮಾರ್ಗ.

ಇನ್ನೊಂದು ತೊಡಕು ಸಹಿಯದು. ಬಾಡಿಗೆ ಕೊಠಡಿಗಳಲ್ಲಿ ವಾಸಿಸುವ ಒಡಿಶಾ, ಬಿಹಾರ, ಉತ್ತರ ಕರ್ನಾಟಕದ ಕಾರ್ಮಿಕರು ಮಾಲೀಕರ ವಿರುದ್ಧ ಸಹಿ ಹಾಕಲು ಹಿಂಜರಿಯುತ್ತಾರೆ. ಸಹಿ ಹಾಕಿದ ರಾತ್ರಿಯೇ ಕೊಠಡಿ ಖಾಲಿ ಮಾಡಬೇಕಾದೀತೆಂಬ ಅಂಜಿಕೆ ಅವರದು. ಅಂಥವರ ಮಾತನ್ನು ಸದಸ್ಯರು ತಮ್ಮ ಹೆಸರಿನಲ್ಲಿಯೇ, "ವಾರ್ಡಿನ ನಿವಾಸಿಗಳಿಂದ ತಿಳಿದುಬಂದಂತೆ" ಎಂದು ಲಿಖಿತವಾಗಿ ಕಚೇರಿಗೆ ತಿಳಿಸಬಹುದು. ಜನಪ್ರತಿನಿಧಿ ಇರುವುದೇ ಇದಕ್ಕೆ.

3. ಖಾತೆಯ ಕುರಿತ ತಪ್ಪು ತಿಳುವಳಿಕೆ

ನೆರೆಹೊರೆಯ ವ್ಯಾಜ್ಯಗಳಲ್ಲಿ "ಅವರ ಖಾತೆ ರದ್ದು ಮಾಡಿಸಿ" ಎಂಬ ಬೇಡಿಕೆ ಸಾಮಾನ್ಯ. ಇ-ಸ್ವತ್ತು ತಂತ್ರಾಂಶದ ನಮೂನೆ 9, 11ಎ ಅಥವಾ 11ಬಿ ಪಂಚಾಯಿತಿಯ ಆಸ್ತಿ ಮತ್ತು ತೆರಿಗೆ ದಾಖಲೆಗಳು. ಅವುಗಳಲ್ಲಿ ಹೆಸರಿರುವುದರಿಂದಲೇ ಒಡೆತನ ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋದದ್ದರಿಂದಲೇ ಒಡೆತನ ಅಳಿಯುವುದಿಲ್ಲ. ಅದೇ ರೀತಿ, ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಅನುಮತಿಯಿಲ್ಲದ ಕಟ್ಟಡ ಅಧಿಕೃತವಾಗುವುದಿಲ್ಲ. ಈ ಅಂಶವನ್ನು ಸದಸ್ಯರು ಎರಡೂ ಕಡೆಯವರಿಗೆ ಮೊದಲ ಭೇಟಿಯಲ್ಲೇ ತಿಳಿಸಿದರೆ ಮುಂದಿನ ಎಷ್ಟೋ ಓಡಾಟ ತಪ್ಪುತ್ತದೆ.

4. ವಿಲೇವಾರಿಯ ಹಂತಗಳು

ಮೊದಲನೆಯದು, ದಾಖಲು. ಬಾಯಿಮಾತಿನ ದೂರಿಗೆ ದಿನಾಂಕವಿಲ್ಲ; ದಿನಾಂಕವಿಲ್ಲದ ದೂರಿಗೆ ಉತ್ತರದಾಯಿತ್ವವಿಲ್ಲ. ಅರ್ಜಿಯನ್ನು ಆವಕ ವಹಿಯಲ್ಲಿ ನಮೂದಿಸಿ, ಸಂಖ್ಯೆ ಮತ್ತು ದಿನಾಂಕವಿರುವ ಸ್ವೀಕೃತಿಯನ್ನು ಅರ್ಜಿದಾರರಿಗೆ ಕೊಡಬೇಕು. ಬರೆಯಲು ಬಾರದವರ ಹೇಳಿಕೆಯನ್ನು ಸಿಬ್ಬಂದಿ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಪಡೆಯಬೇಕು.

ಎರಡನೆಯದು, ಸ್ಥಳ ಪರಿಶೀಲನೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಎರಡೂ ಕಡೆಯವರ ಸಮ್ಮುಖದಲ್ಲಿ ಸ್ಥಳ ಮಹಜರು ಬರೆಯಬೇಕು. ರಸ್ತೆಯ ಅಗಲ, ಚರಂಡಿಯಿಂದ ಕಟ್ಟಡದ ಅಂತರ, ಅಂತಸ್ತುಗಳ ಸಂಖ್ಯೆ, ಹೊರಹೋಗುವ ಬಾಗಿಲುಗಳೆಷ್ಟು ಎಂಬುದನ್ನು ಟೇಪು ಹಿಡಿದು ಅಳೆದು ಕೈನಕ್ಷೆಯಲ್ಲಿ ಗುರುತಿಸಬೇಕು. "ರಸ್ತೆ ಕಿರಿದಾಗಿದೆ" ಎಂಬ ವಾಕ್ಯಕ್ಕಿಂತ "ದಾಖಲೆಯಲ್ಲಿ 20 ಅಡಿ, ಸ್ಥಳದಲ್ಲಿ 13 ಅಡಿ" ಎಂಬ ವಾಕ್ಯಕ್ಕೆ ಮೇಲಧಿಕಾರಿಯ ಮುಂದೆಯೂ ನ್ಯಾಯಾಲಯದ ಮುಂದೆಯೂ ಹೆಚ್ಚು ಬೆಲೆ. ಪ್ರಶ್ನೆ ಶಬ್ದದ್ದಾಗಿದ್ದರೆ, 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55 ಹಾಗೂ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ವಿಧಿಸಿವೆ. ಆದ್ದರಿಂದ ಯಂತ್ರ ಓಡುವ ವೇಳೆಯನ್ನೂ ಮಹಜರಿನಲ್ಲಿ ಬರೆಯಬೇಕು.

ಮೂರನೆಯದು, ತಿಳುವಳಿಕೆ ಪತ್ರ. ಎದುರುದಾರರಿಗೆ ಲಿಖಿತ ನೋಟಿಸ್ ನೀಡಿ, ಉತ್ತರಿಸಲು ಕಾಲಾವಕಾಶ ಕೊಟ್ಟು, ಅವರ ದಾಖಲೆಗಳನ್ನು ಪಡೆಯಬೇಕು. ಅವರ ಬಳಿ ಸಕ್ರಮ ಅನುಮತಿಯೇ ಇರಬಹುದು. ನೋಟಿಸಿಲ್ಲದೆ ಕೈಗೊಂಡ ತೆರವು, ಎಷ್ಟೇ ನ್ಯಾಯವಾಗಿ ಕಂಡರೂ, ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ; ಒಮ್ಮೆ ತಡೆಯಾಜ್ಞೆ ಬಂದರೆ ಮೂಲ ದೂರು ವರ್ಷಗಟ್ಟಲೆ ನೆನೆಗುದಿಗೆ ಬೀಳುತ್ತದೆ.

ನಾಲ್ಕನೆಯದು, ತೀರ್ಮಾನ. ಸಭೆಯ ಮುಂದೆ ತರಬೇಕಾದ ವಿಷಯವಾದರೆ ಮಹಜರು ಮತ್ತು ಎರಡೂ ಕಡೆಯ ಉತ್ತರಗಳೊಂದಿಗೆ ಮಂಡಿಸಿ, ಕಾರಣಸಹಿತ ನಡವಳಿ ಬರೆಯಬೇಕು. ವಿಷಯದಲ್ಲಿ ತಮ್ಮದೋ ಸಂಬಂಧಿಕರದೋ ಹಿತಾಸಕ್ತಿ ಇರುವ ಸದಸ್ಯರು ಚರ್ಚೆಯಿಂದ ಹೊರಗುಳಿದು, ಆ ಸಂಗತಿಯನ್ನು ನಡವಳಿಯಲ್ಲಿ ದಾಖಲಿಸುವುದು ಉಚಿತ.

ಐದನೆಯದು, ಹಿಂಬರಹ. ಏನು ಕಂಡಿತು, ಯಾವ ಕ್ರಮ ಆಯಿತು, ಯಾವ ಭಾಗ ಪಂಚಾಯಿತಿಯ ಅಧಿಕಾರದ ಹೊರಗಿದೆ, ಅದು ಯಾವ ಕಚೇರಿಗೆ ಯಾವ ದಿನ ರವಾನೆಯಾಯಿತು ಎಂಬುದನ್ನು ಅರ್ಜಿದಾರರಿಗೆ ಬರೆದು ತಿಳಿಸಬೇಕು. ಪಂಚಾಯಿತಿಯ ಆದೇಶದಿಂದ ಬಾಧಿತರಾದವರಿಗೆ ಪ್ರಕರಣ 269ರಡಿ ಮೇಲ್ಮನವಿಯ ಅವಕಾಶವಿರುವುದನ್ನೂ ತಿಳಿಸುವುದು ಒಳ್ಳೆಯದು. ಲಿಖಿತ ಆದೇಶವೇ ಇಲ್ಲದಿದ್ದರೆ ಮೇಲ್ಮನವಿ ಸಲ್ಲಿಸಲೂ ದಾರಿಯಿರದು.

5. "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ

ಈ ಉತ್ತರ ಕಾನೂನಿನ ದೃಷ್ಟಿಯಿಂದ ಅನೇಕ ಬಾರಿ ಸರಿಯೇ. ಆದರೆ ಅದು ಅರ್ಧ ಉತ್ತರ. ಉಳಿದರ್ಧ, "ಯಾರ ವ್ಯಾಪ್ತಿಗೆ ಬರುತ್ತದೆಯೋ ಅವರಿಗೆ ಇಂದು ಬರೆಯಲಾಗಿದೆ" ಎಂಬುದು. ಕೈಗಾರಿಕಾ ಪ್ರದೇಶ, ಪುರಸಭೆ, ಗ್ರಾಮ ಪಂಚಾಯಿತಿಗಳ ಗಡಿ ಒಂದೇ ರಸ್ತೆಯಲ್ಲಿ ಮೂರು ಬಾರಿ ಬದಲಾಗಬಹುದಾದ ಈ ಭಾಗದಲ್ಲಿ, ನಿವಾಸಿಯು ತಾನೇ ಸರಿಯಾದ ಕಚೇರಿಯನ್ನು ಹುಡುಕಿಕೊಳ್ಳಲಿ ಎಂದು ಬಿಡುವುದು ದೂರನ್ನು ಕೈಬಿಟ್ಟಂತೆಯೇ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿಯೂ ದೂರು ದಾಖಲಿಸಬಹುದು. ತುರ್ತು ಅಪಾಯವಿದ್ದಲ್ಲಿ ಪತ್ರಕ್ಕಾಗಿ ಕಾಯದೆ 112ಕ್ಕೆ ಕರೆ ಮಾಡಬೇಕು.

ಸಾರ್ವಜನಿಕ ಉಪದ್ರವವನ್ನು ನಿವಾರಿಸಲು ಷರತ್ತುಬದ್ಧ ಆದೇಶ ಹೊರಡಿಸುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಪ್ರಕರಣ 133 ಆಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಪ್ರಕರಣ 152. ಪಂಚಾಯಿತಿಯ ನೋಟಿಸಿಗೆ ಎದುರುದಾರರು ಸೊಪ್ಪು ಹಾಕದಿದ್ದಾಗ, ಮಹಜರಿನ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಬರೆಯುವುದು ಪರಿಣಾಮಕಾರಿ ಮಾರ್ಗ.

ಇದೇ ಪ್ರಕರಣದಡಿ ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ವಾರ್ಡಿನ ನಿವಾಸಿಗಳು ತೆರೆದ ಚರಂಡಿ ಮತ್ತು ದುರ್ವಾಸನೆಯ ಬಗ್ಗೆ ದಂಡಾಧಿಕಾರಿಯ ಮೊರೆ ಹೋಗಿದ್ದರು. ಹಣವಿಲ್ಲವೆಂದು ಅಲ್ಲಿನ ಪುರಸಭೆ ವಾದಿಸಿತು. 1980ರ ಜುಲೈ 29ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಮೂಲಕ, ಹಣದ ಕೊರತೆಯನ್ನು ಮುಂದೊಡ್ಡಿ ಸ್ಥಳೀಯ ಸಂಸ್ಥೆಯು ತನ್ನ ಮೂಲ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು. ದೂರು ಕೊಟ್ಟವರು ಸಾಮಾನ್ಯ ನಿವಾಸಿಗಳು. ಅವರ ಅರ್ಜಿ ಇಂದಿಗೂ ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳಿಗೆ ಪಾಠವಾಗಿದೆ.

6. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ಅ) ಕಳೆದ ಒಂದು ವರ್ಷದಲ್ಲಿ ಬಂದ ಆಸ್ತಿ ದೂರುಗಳೆಷ್ಟು? ಎಷ್ಟಕ್ಕೆ ಹಿಂಬರಹ ಹೋಗಿದೆ?

ಆ) ಸಿವಿಲ್ ವ್ಯಾಜ್ಯವೆಂದು ಮುಕ್ತಾಯಗೊಳಿಸಿದ ಅರ್ಜಿಗಳ ಕೊನೆಯ ಸಾಲುಗಳಲ್ಲಿ ಏನಿದೆ?

ಇ) ವಾರ್ಡಿನಲ್ಲಿ ಮನೆಯೆಂದು ದಾಖಲಾಗಿ ಗೋದಾಮು ಅಥವಾ ಕಾರ್ಖಾನೆಯಾಗಿ ಬಳಕೆಯಾಗುತ್ತಿರುವ ಕಟ್ಟಡಗಳು ಯಾವುವು? ಅಲ್ಲಿ ರಾತ್ರಿ ಮಲಗುವವರು ಇದ್ದಾರೆಯೇ?

ಈ) ಅಗ್ನಿಶಾಮಕ ವಾಹನ ಒಳಬರಲಾಗದ ಬೀದಿಗಳು ಎಷ್ಟಿವೆ?

ಉಪಸಂಹಾರ

ಕರ ವಸೂಲಿಗಾರರು, ನೀರುಗಂಟಿಗಳು, ಸ್ವಚ್ಛತಾ ಸಿಬ್ಬಂದಿ ಪ್ರತಿದಿನ ಬೀದಿಗಳಲ್ಲಿ ಓಡಾಡುವವರು. ಅವರು ಕಂಡದ್ದನ್ನೂ ನಿವಾಸಿಗಳು ಬರೆದದ್ದನ್ನೂ ಒಟ್ಟಿಗೆ ನೋಡಿದರೆ ಪಂಚಾಯಿತಿಗೆ ತಿಳಿಯದ ಕಟ್ಟಡ ಉಳಿಯುವುದು ಕಡಿಮೆ. ಅತ್ತಿಬೆಲೆಯಲ್ಲಿ ಹಬ್ಬದ ಕೂಲಿಗೆ ಬಂದವರು ಆ ಊರಿನ ಮತದಾರರಲ್ಲ, ಖಾತೆದಾರರಲ್ಲ. ತಾವು ದುಡಿಯುವ ಕಟ್ಟಡದ ಬಗ್ಗೆ ಅರ್ಜಿ ಬರೆಯುವ ಸ್ಥಿತಿಯಲ್ಲೂ ಇರಲಿಲ್ಲ. ಅಂಥವರ ಪರವಾಗಿ ಪಂಚಾಯಿತಿಗೆ ಬರಬಹುದಾದ ಒಂದೇ ಅರ್ಜಿ ನೆರೆಯವರದು. ಆದ್ದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಬಾಕಿ ದೂರುಗಳ ಪಟ್ಟಿಯನ್ನು ಮಂಡಿಸಿ, ಪ್ರತಿ ಅರ್ಜಿಯನ್ನು ಕೊನೆಯ ಸಾಲಿನವರೆಗೆ ಓದಿ, ಮೇಲಿನ ಕ್ರಮದಂತೆ ವಿಲೇವಾರಿಗೆ ತರುವುದು.