ಬಿಲ್ಲಿಗೆ ಮುಂಚೆ ಒಂದು ಕಾಗದ: ಮೊದಲ ಗೇಮಿಂಗ್ ಕಂಪ್ಯೂಟರಿಗೆ ಹೊಂದುವ ಭಾಗಗಳ ಆಯ್ಕೆ



ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಮನೆಯಲ್ಲೇ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಿದೆ. ಅದರ ಹಣ ದುಬೈಯಲ್ಲಿ ದುಡಿಯುತ್ತಿರುವ ಅಣ್ಣನದು. ಕಳಿಸುವಾಗ ಅವನು ಹೇಳಿದ್ದು ಇಷ್ಟೇ: "ಓವರ್‌ಟೈಮ್ ಮಾಡಿ ಉಳಿಸಿದ್ದು. ಒಂದೇ ಸಲ ಕೊಡೋದು, ನೋಡಿಕೊಂಡು ಖರ್ಚು ಮಾಡು."

ನಾನು ನೋಡಿಕೊಳ್ಳಲಿಲ್ಲ. ಆನ್‌ಲೈನ್‌ನಲ್ಲಿ ರಿಯಾಯಿತಿ ಕಂಡಿತು ಎಂದು ಉಳಿದ ಯಾವ ಭಾಗವನ್ನೂ ನಿರ್ಧರಿಸುವ ಮೊದಲೇ 16 ಜಿಬಿ ಡಿಡಿಆರ್5 ರ‍್ಯಾಮ್ ತರಿಸಿದೆ. ನಾಲ್ಕಕ್ಕಿಂತ ಐದು ಹೊಸದು, ಹಾಗಾಗಿ ಒಳ್ಳೆಯದು ಎಂಬುದು ನನ್ನ ಲೆಕ್ಕ. ತಿಂಗಳ ನಂತರ ಕೊಂಡ ಮದರ್‌ಬೋರ್ಡ್ ಡಿಡಿಆರ್4 ಮಾತ್ರ ಸ್ವೀಕರಿಸುವಂಥದ್ದು. ರ‍್ಯಾಮ್ ಸ್ಲಾಟಿನಲ್ಲಿ ಕೂರಲೇ ಇಲ್ಲ. ವಾಪಸ್ ಮಾಡುವ ಅವಧಿಯೂ ಮುಗಿದಿತ್ತು.

ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬಂದೆ. ಸರ್ ಬೈಯಲಿಲ್ಲ. ಕಪಾಟಿನಿಂದ ಹಳೆಯ ಡಿಡಿಆರ್3 ಮತ್ತು ಡಿಡಿಆರ್4 ರ‍್ಯಾಮ್ ತೆಗೆದು ನನ್ನದರ ಪಕ್ಕದಲ್ಲಿಟ್ಟು, "ಕೆಳಗಿನ ಕಚ್ಚು ನೋಡು" ಎಂದರು. ಮೂರರಲ್ಲೂ ಆ ಕಚ್ಚು ಬೇರೆ ಬೇರೆ ಜಾಗದಲ್ಲಿತ್ತು. "ಜೋರಾಗಿ ಒತ್ತಿದ್ದರೆ ಬೋರ್ಡೂ ಹೋಗುತ್ತಿತ್ತು. ನಿನ್ನಂಥವರನ್ನು ತಡೆಯುವುದಕ್ಕೇ ಈ ಕಚ್ಚು ಇಟ್ಟಿರುವುದು" ಎಂದು ನಕ್ಕರು. ಆಮೇಲೆ ಒಂದು ಕಾಗದ ಕೊಟ್ಟು ಎಲ್ಲ ಭಾಗಗಳ ಹೆಸರನ್ನು ಒಂದರ ಕೆಳಗೊಂದು ಬರೆಸಿದರು. ಪ್ರತಿ ಹೆಸರಿನ ಮುಂದೆ ಒಂದು ಪ್ರಶ್ನೆ: "ಇದು ಯಾವುದಕ್ಕೆ ಹೊಂದಬೇಕು?" ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆಯುವವರೆಗೆ ಒಂದು ರೂಪಾಯಿಯನ್ನೂ ಕೊಡಬಾರದು. ಈ ಪಾಠ ಆ ಕಾಗದದ್ದೇ.

1. ಆಟ ಮತ್ತು ಮಾನಿಟರ್

ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಮಾನಿಟರ್‌ನಿಂದ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸುತ್ತದೆ. ಕಂಪ್ಯೂಟರ್ ಸೆಕೆಂಡಿಗೆ 140 ಫ್ರೇಮ್ ತಯಾರಿಸಿದರೂ ಆ ಹೆಚ್ಚಿನ ಫ್ರೇಮ್‌ಗಳನ್ನೆಲ್ಲ ಅದು ತೋರಿಸಲಾರದು. 1920×1080 ಪರದೆಗೆ ಸಾಕಾಗುವ ಕಾರ್ಡ್ 2560×1440 ಪರದೆಯಲ್ಲಿ ಏದುಸಿರು ಬಿಡಬಹುದು. ಆದ್ದರಿಂದ ಯಾವ ಆಟ, ಯಾವ ಪರದೆ ಎಂದು ಮೊದಲು ಬರೆಯಿರಿ. ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಇವುಗಳ ಬೆಲೆಯನ್ನೂ ಒಟ್ಟು ಹಣದಿಂದ ಈಗಲೇ ಕಳೆಯಿರಿ. ಉಳಿದದ್ದೇ ನಿಮ್ಮ ನಿಜವಾದ ಬಜೆಟ್. ನನ್ನ ಕಾಗದದಲ್ಲಿ ಬರೆದದ್ದು 1920×1080.

2. ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಇವೆರಡರ ನಡುವಿನ ಪ್ರಶ್ನೆ ಸಾಕೆಟ್. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ ಬಂತು, ಎಎಂ5 ಬಂದದ್ದು 2022ರಲ್ಲಿ. ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಕೂರುವುದಿಲ್ಲ. ಇಂಟೆಲ್‌ನಲ್ಲಿ 10 ಮತ್ತು 11ನೇ ತಲೆಮಾರಿಗೆ ಎಲ್‌ಜಿಎ 1200, 12ರಿಂದ 14ನೇ ತಲೆಮಾರಿಗೆ ಎಲ್‌ಜಿಎ 1700. ಹೆಸರಿನಲ್ಲಿರುವ ಅಂಕಿ ಸಂಪರ್ಕ ಬಿಂದುಗಳ ಸಂಖ್ಯೆ. "ಇಂಟೆಲ್ ಬೋರ್ಡ್, ಇಂಟೆಲ್ ಪ್ರೊಸೆಸರ್" ಎಂದರೆ ಸಾಲದು, ಅಂಕಿಯೂ ಒಂದೇ ಇರಬೇಕು.

ಸಾಕೆಟ್ ಹೊಂದಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಬೋರ್ಡಿನ ಬಯಾಸ್. ನಾನು ಆರಿಸಿದ್ದು ರೈಜನ್ 5 5600. ಇದು 2022ರದು. 2018ರಲ್ಲಿ ಬಂದ ಬಿ450 ಬೋರ್ಡಿನಲ್ಲೂ ಇದು ಕೂರುತ್ತದೆ. ಆದರೆ ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತಿದ್ದ ಬೋರ್ಡಿನ ಬಯಾಸ್‌ಗೆ ಈ ಪ್ರೊಸೆಸರ್‌ನ ಪರಿಚಯವೇ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಬೋರ್ಡ್ ತಯಾರಕರ ಜಾಲತಾಣದಲ್ಲಿ ಪ್ರತಿ ಮಾದರಿಗೂ ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ, ಪಕ್ಕದಲ್ಲೇ ಬೇಕಾದ ಬಯಾಸ್ ಆವೃತ್ತಿಯೂ ಇರುತ್ತದೆ. ಅದನ್ನು ನೋಡಿ, ಅಂಗಡಿಯವರಿಗೆ "ಬಯಾಸ್ ಅಪ್‌ಡೇಟ್ ಮಾಡಿ ಕೊಡ್ತೀರಾ?" ಎಂದು ಕೇಳಿ. ನಾನು ಬಿ550 ಬೋರ್ಡ್ ಕೊಂಡೆ.

ಹೆಸರಿನ ಕೊನೆಯ ಅಕ್ಷರವನ್ನೂ ಓದಿ. ಇಂಟೆಲ್‌ನ ಐ5-12400ಎಫ್‌ನಲ್ಲಿ 'ಎಫ್' ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಜನ್ 5 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಗ್ರಾಫಿಕ್ಸ್ ಕಾರ್ಡಿಗೆ ಈಗ ಹಣವಿಲ್ಲ, ಮುಂದಿನ ವರ್ಷ ಹಾಕುತ್ತೇನೆ ಎನ್ನುವವರಿಗೆ 5600ಜಿಯಂಥದ್ದೇ ಸರಿ. ಇಲ್ಲದಿದ್ದರೆ ಕಾರ್ಡ್ ಬರುವವರೆಗೆ ಪರದೆ ಕಪ್ಪಾಗಿಯೇ ಇರುತ್ತದೆ.

3. ರ‍್ಯಾಮ್

ನನ್ನ ತಪ್ಪು ಇಲ್ಲಿಯದು. ಎಎಂ4 ಬೋರ್ಡುಗಳಿಗೆ ಡಿಡಿಆರ್4, ಎಎಂ5 ಬೋರ್ಡುಗಳಿಗೆ ಡಿಡಿಆರ್5. ಎಲ್‌ಜಿಎ 1700ರಲ್ಲಿ ಎರಡೂ ಬಗೆಯ ಬೋರ್ಡುಗಳು ಸಿಗುತ್ತವೆ, ಆದ್ದರಿಂದ ಮಾದರಿಯ ಪೂರ್ತಿ ಹೆಸರು ಓದಲೇಬೇಕು. ಡೆಸ್ಕ್‌ಟಾಪ್ ರ‍್ಯಾಮ್‌ನಲ್ಲಿ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ. ಎಣಿಸಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಕಚ್ಚಿನ ಜಾಗ ಮಾತ್ರ ಬೇರೆ. ಲ್ಯಾಪ್‌ಟಾಪ್‌ನ ಗಿಡ್ಡ ರ‍್ಯಾಮ್ ಕೂಡ ಇಲ್ಲಿ ನಡೆಯುವುದಿಲ್ಲ.

16 ಜಿಬಿಯ ಒಂದೇ ಸ್ಟಿಕ್‌ಗಿಂತ 8 ಜಿಬಿಯ ಎರಡು ಸ್ಟಿಕ್ ಮೇಲು. ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದಿ ಬರೆಯಬಲ್ಲದು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಬೋರ್ಡಿನ ಪುಸ್ತಿಕೆಯಲ್ಲಿ ಚಿತ್ರ ಇರುತ್ತದೆ. ಪೊಟ್ಟಣದ ಮೇಲೆ 3200 ಎಂದಿದ್ದರೂ ಮೊದಲ ಸಲ ಅದು ಕಡಿಮೆ ವೇಗದಲ್ಲಿ ಓಡಬಹುದು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದರೆ ಕೊಟ್ಟ ಹಣದ ವೇಗ ಸಿಗುತ್ತದೆ.

4. ಗ್ರಾಫಿಕ್ಸ್ ಕಾರ್ಡ್

ಗೇಮಿಂಗ್ ಕಂಪ್ಯೂಟರಿನಲ್ಲಿ ಹೆಚ್ಚು ಹಣ ಹೋಗಬೇಕಾದದ್ದು ಇಲ್ಲಿಗೆ. ಪ್ರೊಸೆಸರ್‌ಗೆ ಎಲ್ಲ ಸುರಿದು ಕಾರ್ಡಿಗೆ ಕಡಿಮೆ ಮಾಡಿದರೆ ಆಟ ತೆವಳುತ್ತದೆ. ತೀರ ಹಳೆಯ ಪ್ರೊಸೆಸರ್‌ಗೆ ದೊಡ್ಡ ಕಾರ್ಡ್ ಹಾಕಿದರೆ ಕಾರ್ಡ್ ಸುಮ್ಮನೆ ಕಾಯುತ್ತಿರುತ್ತದೆ. ನಾನು ಆರಿಸಿದ್ದು 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ವಿಷಯದಲ್ಲಿ ಹೆಚ್ಚು ಭಯ ಬೇಡ. ಹೊಸ ಆವೃತ್ತಿಯ ಕಾರ್ಡ್ ಹಳೆಯ ಆವೃತ್ತಿಯ ಸ್ಲಾಟಿನಲ್ಲೂ ನಡೆಯುತ್ತದೆ, ವೇಗ ಸ್ವಲ್ಪ ತಗ್ಗಬಹುದು. ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಉದ್ದ? ಎಷ್ಟು ವಾಟ್? ವಿದ್ಯುತ್ತಿಗೆ ಯಾವ ಕನೆಕ್ಟರ್?

5. ಎಸ್‌ಎಂಪಿಎಸ್

ಇದಕ್ಕೆ ಒಂದು ಸರಳ ಕೂಡಿಕೆ ಸಾಕು. ನನ್ನ ಪ್ರೊಸೆಸರ್ ಮೇಲೆ 65 ವಾಟ್ ಎಂದು ಬರೆದಿದೆ, ಆದರೆ ಪೂರ್ತಿ ಹೊರೆಯಲ್ಲಿ ಅದು 88 ವಾಟ್‌ವರೆಗೂ ಎಳೆಯುತ್ತದೆ. ಕಾರ್ಡಿಗೆ 132 ವಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಧಾರಾಳವಾಗಿ 50 ಹಿಡಿಯೋಣ. ಒಟ್ಟು 270. ಈ ಕಾರ್ಡಿಗೆ ಎಎಂಡಿ ಸೂಚಿಸುವುದು ಕನಿಷ್ಠ 450 ವಾಟ್. ಮುಂದೆ ಕಾರ್ಡ್ ಬದಲಿಸುವ ಆಸೆಯಿಂದ ನಾನು 550 ತೆಗೆದುಕೊಂಡೆ.

ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡ. ಅದು ಕೆಟ್ಟರೆ ತನ್ನ ಜೊತೆ ಬೋರ್ಡನ್ನೂ ಕಾರ್ಡನ್ನೂ ಕೆಡಿಸಬಹುದು. '80 ಪ್ಲಸ್' ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗದೆ ತಲುಪುತ್ತದೆ ಎಂಬುದನ್ನು ಮಾತ್ರ. ರಕ್ಷಣಾ ವ್ಯವಸ್ಥೆ ಮತ್ತು ವಾರಂಟಿ ಎಷ್ಟು ವರ್ಷ ಎಂದು ಬೇರೆಯಾಗಿ ನೋಡಬೇಕು. ಬೋರ್ಡಿಗೆ 24 ಪಿನ್, ಪ್ರೊಸೆಸರ್‌ಗೆ 4+4 ಪಿನ್, ಕಾರ್ಡಿಗೆ 6+2 ಪಿನ್ ಕೇಬಲ್ ಇದೆಯೇ ಎಂದು ಎಣಿಸಿ. ಬಿಚ್ಚಿ ಹಾಕುವ ಕೇಬಲ್‌ಗಳಿದ್ದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಎಂದಿಗೂ ಬೆರೆಸಬೇಡಿ. ತುದಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ನಮ್ಮಲ್ಲಿ ಆಗಾಗ ಕರೆಂಟ್ ಹೋಗುವುದರಿಂದ ಯುಪಿಎಸ್ ಬೇಕು. 600 ವಿಎ ಎಂದರೆ 600 ವಾಟ್ ಅಲ್ಲ. ಅಂಥ ಚಿಕ್ಕ ಯುಪಿಎಸ್‌ಗಳಲ್ಲಿ ಹಲವು 360 ವಾಟ್ ಮಾತ್ರ ಹೊರುತ್ತವೆ. ಭೌತಶಾಸ್ತ್ರದಲ್ಲಿ ಓದುವ ಪವರ್ ಫ್ಯಾಕ್ಟರ್ ಇಲ್ಲಿ ಜೇಬಿಗೇ ತಾಗುತ್ತದೆ.

6. ಕ್ಯಾಬಿನೆಟ್ ಮತ್ತು ಎಸ್‌ಎಸ್‌ಡಿ

ಇಲ್ಲಿ ಬೇಕಾದದ್ದು ಅಳತೆಪಟ್ಟಿ. ಎಟಿಎಕ್ಸ್ ಬೋರ್ಡ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244 ಮಿ.ಮೀ. ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಬೋರ್ಡ್ ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂರದು. ಮೂರು ಫ್ಯಾನಿನ ಕಾರ್ಡ್‌ಗಳಲ್ಲಿ ಹಲವು 300 ಮಿ.ಮೀ. ಆಸುಪಾಸು ಉದ್ದ ಇರುತ್ತವೆ. ಕ್ಯಾಬಿನೆಟ್ ಎಷ್ಟು ಉದ್ದದ ಕಾರ್ಡ್, ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಪೆಟ್ಟಿಗೆಯ ಮೇಲೋ ತಯಾರಕರ ಜಾಲತಾಣದಲ್ಲೋ ಓದಿ. ರೈಜನ್ 5 5600 ಜೊತೆ ಕೂಲರ್ ಬರುತ್ತದೆ, ಅಷ್ಟು ಹಣ ಉಳಿಯಿತು. ಮುಂಭಾಗ ಪೂರ್ತಿ ಗಾಜಿರುವ ಕ್ಯಾಬಿನೆಟ್ ನೋಡಲು ಚಂದ, ಆದರೆ ಗಾಳಿ ಎಲ್ಲಿಂದ ಬರಬೇಕು? ಜಾಲರಿ ಇರುವುದು ನಮ್ಮ ಬೇಸಿಗೆಗೆ ಒಳ್ಳೆಯದು.

ಎಂ.2 ಎಸ್‌ಎಸ್‌ಡಿಯಲ್ಲಿ 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಒಂದೇ ಆಕಾರದಲ್ಲಿ ಸಾಟಾ ಬಗೆಯದೂ ಎನ್‌ವಿಎಂಇ ಬಗೆಯದೂ ಇರುತ್ತವೆ. ಬೋರ್ಡಿನ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಎಂದು ಪುಸ್ತಿಕೆಯಲ್ಲಿ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಬಳಸಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಹಾಕಬೇಕೆಂದಿರುವವರು ಇದನ್ನು ಗಮನಿಸಿ.

7. ಹಣ ಕೊಡುವ ದಿನ

ಕಾಗದ ತುಂಬಿದ ಮೇಲೆ ಅದನ್ನು ಇನ್ನೊಬ್ಬರಿಗೆ ತೋರಿಸಿ. ಸಾಧ್ಯವಾದಷ್ಟು ಎಲ್ಲವನ್ನೂ ಒಂದೇ ವಾರದೊಳಗೆ ಕೊಳ್ಳಿ. ಒಂದು ಭಾಗ ಕೆಟ್ಟಿದ್ದರೆ ಉಳಿದವು ಕೈಯಲ್ಲಿದ್ದಾಗಲೇ ಪರೀಕ್ಷೆ ಮಾಡಲು ಸಾಧ್ಯ, ವಾಪಸ್ ಅವಧಿಯೂ ಉಳಿದಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ನಾಲ್ಕು ಅಂಗಡಿಯಲ್ಲಿ ಬೆಲೆ ಕೇಳಿ, ಆದರೆ ಮಾದರಿಯ ಹೆಸರನ್ನು ಕಾಗದದಲ್ಲಿದ್ದಂತೆ ಅಕ್ಷರ ಬಿಡದೆ ಹೇಳಿ. "ಅದು ಇಲ್ಲ, ಅದರಂಥದ್ದೇ ಇದೆ" ಎಂದರೆ ಕಾಗದವನ್ನು ಮೊದಲಿನಿಂದ ತುಂಬಬೇಕು. ಜಿಎಸ್‌ಟಿ ಬಿಲ್ ಬಿಡಬೇಡಿ, ವಾರಂಟಿಗೆ ಅದೇ ಆಧಾರ.

ಜೋಡಿಸುವಾಗ ಪ್ಲಗ್ ತೆಗೆದಿರಲಿ, ಆಗಾಗ ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ಎಎಂ4 ಪ್ರೊಸೆಸರ್‌ನ ಕೆಳಗೆ ಸೂಜಿಯಂಥ ಪಿನ್‌ಗಳಿವೆ, ಎಲ್‌ಜಿಎಯಲ್ಲಿ ಅವು ಬೋರ್ಡಿನ ಮೇಲಿವೆ. ಎರಡನ್ನೂ ಮುಟ್ಟಬಾರದು. ಮಾನಿಟರ್ ಕೇಬಲ್ಲನ್ನು ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಹಾಕಿ.

ನನ್ನ ಡಿಡಿಆರ್5 ರ‍್ಯಾಮನ್ನು ಎಂಜಿನಿಯರಿಂಗ್ ಓದುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕೊಂಡರು, ನಾನು ಕೊಟ್ಟದ್ದಕ್ಕಿಂತ ಒಂದೂವರೆ ಸಾವಿರ ಕಡಿಮೆಗೆ. ಅವರದು ಎಎಂ5 ಬೋರ್ಡ್, ಅದರಲ್ಲಿ ಸರಿಯಾಗಿ ಕೂತಿತು. ಆ ರಾತ್ರಿ ಫೋನ್ ಮಾಡಿ, "ಭಾಯಿ, ನಿನ್ನ ಹಣದಲ್ಲಿ ಒಂದೂವರೆ ಸಾವಿರ ಕಳೆದೆ" ಎಂದು ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುಚ್ಚಿಡದೆ ಹೇಳಿದೆಯಲ್ಲ, ಸಾಕು. ಆ ಕಾಗದದ ಫೋಟೊ ಕಳಿಸು. ನನ್ನ ರೂಮಿನವರ ಮಗನೂ ಕಂಪ್ಯೂಟರ್ ಮಾಡಬೇಕು ಅಂತಿದ್ದಾನೆ" ಎಂದ.

ಈಗ ಆ ಕಂಪ್ಯೂಟರಿನಲ್ಲಿ ನಾನು ಆಟವನ್ನೂ ಆಡುತ್ತೇನೆ, ಪೈಥಾನ್ ಅಭ್ಯಾಸವನ್ನೂ ಮಾಡುತ್ತೇನೆ. ಈ ರಜೆಯಲ್ಲಿ ಜೋಡಿಸುವ ಯೋಚನೆ ಇರುವವರು ಮೊದಲು ಕಾಗದ ತುಂಬಿಸಿ ಲ್ಯಾಬಿಗೆ ತನ್ನಿ, ಒಟ್ಟಿಗೆ ಕುಳಿತು ನೋಡೋಣ. ಪರ್ಸ್ ಮನೆಯಲ್ಲೇ ಇರಲಿ.

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿ