ಹೊರೆಯೂ ಹೊರುವವರೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬನಶಂಕರಿಯು ಅಲ್ಲಿಯ ದೇವಿಯ ಗುಡಿಯಿಂದ ಹೆಸರು ಪಡೆದ ಬಡಾವಣೆ. 2017ರ ಜೂನ್ ತಿಂಗಳಲ್ಲಿ ಇಲ್ಲಿಯ ಎತ್ತರಿಸಿದ ಮಾರ್ಗದ ಮೇಲೆ ಮೆಟ್ರೋ ರೈಲು ಸಂಚರಿಸತೊಡಗಿತು. ಇಂಥ ಮಾರ್ಗಗಳ ಭಾರಿ ಕಾಂಕ್ರೀಟು ತುಂಡುಗಳನ್ನು ಬೇರೆಡೆ ಎರಕಹೊಯ್ದು, ವಾಹನಗಳಲ್ಲಿ ತಂದು, ಯಂತ್ರಗಳಿಂದ ಮೇಲೆತ್ತುವರು. ಆದರೆ ಒಳಬೀದಿಗಳಲ್ಲಿ ಏಳುವ ಎಷ್ಟೋ ಮನೆಗಳಿಗೆ ಇಟ್ಟಿಗೆ, ಮರಳು, ಗಾರೆಗಳು ಇಂದಿಗೂ ಮನುಷ್ಯರ ತಲೆಯ ಮೇಲೆಯೇ ಏರುತ್ತವೆ.

ತಲೆಗೆ ಸಿಂಬಿ, ಅದರ ಮೇಲೆ ಗಾರೆ ತುಂಬಿದ ಬಾಂಡಲಿ. ಹೀಗೆ ನಡೆಯುವವಳಿಗೆ ತನ್ನ ಪಾದದ ಬಳಿಯ ನೆಲ ಕಾಣಿಸದು. ದಾರಿಯಲ್ಲಿ ಬಿದ್ದ ಒಂದು ಕಂಬಿಯ ಚೂರು ಅವಳನ್ನು ಕೆಡವಬಲ್ಲದು. ಆದುದರಿಂದ ಹೊರೆ ಸಾಗುವ ದಾರಿಯನ್ನು ಮೊದಲು ಸ್ವಚ್ಛಗೊಳಿಸಬೇಕು. ಇಳಿಜಾರಿನ ಹಲಗೆಗಳು ಅಗಲವಾಗಿರಬೇಕು. ಕಾಲು ಜಾರದಂತೆ ಅಡ್ಡಪಟ್ಟಿಗಳೂ ಬದಿಯಲ್ಲಿ ಕೈಪಿಡಿಯೂ ಇರಬೇಕು.

ಹೊರೆಗೂ ಒಂದು ಮಿತಿಯುಂಟು. ಕೇಂದ್ರ ಸರ್ಕಾರವು 1998ರಲ್ಲಿ ಕಟ್ಟಡ ಕಾರ್ಮಿಕರಿಗಾಗಿ ರಚಿಸಿದ ನಿಯಮಗಳು, ಪರರ ನೆರವಿಲ್ಲದೆ ಹೊರಬಹುದಾದ ಗರಿಷ್ಠ ಭಾರವನ್ನು ವಯಸ್ಕ ಪುರುಷನಿಗೆ 55 ಕಿಲೋಗ್ರಾಂ, ವಯಸ್ಕ ಸ್ತ್ರೀಗೆ 30 ಕಿಲೋಗ್ರಾಂ ಎಂದು ಗೊತ್ತುಪಡಿಸಿದವು. ಸಿಮೆಂಟಿನ ಒಂದು ಚೀಲದ ತೂಕ 50 ಕಿಲೋಗ್ರಾಂ. ಇಡೀ ಚೀಲವನ್ನು ಹೆಂಗಸೊಬ್ಬಳ ತಲೆಗೇರಿಸುವುದು ಎಷ್ಟು ಅನುಚಿತವೆಂಬುದು ಇದರಿಂದಲೇ ತಿಳಿಯುತ್ತದೆ. ಇಟ್ಟಿಗೆಯೊಂದು ಸುಮಾರು 3 ಕಿಲೋಗ್ರಾಂ ತೂಗಿದರೆ ಹತ್ತು ಇಟ್ಟಿಗೆಗಳಿಗೇ ಆ ಮಿತಿ ಮುಟ್ಟುತ್ತದೆ. ಇನ್ನೆರಡು ಹೇರಿದರೆ ಒಂದೆರಡು ಸರತಿ ಉಳಿಯಬಹುದು. ಕೆಟ್ಟ ಬೆನ್ನು ಮಾತ್ರ ಸುಲಭವಾಗಿ ಸರಿಹೋಗದು.

ಭಾರವೆತ್ತುವ ಕ್ರಮವೂ ಮುಖ್ಯವಾದುದು. ಸೊಂಟ ಬಾಗಿಸಿ, ಕೈಚಾಚಿ ಎತ್ತಿದರೆ ಹೊರೆಯು ಬೆನ್ನೆಲುಬಿನಿಂದ ದೂರವಾಗಿ, ಸನ್ನೆಯ ತತ್ತ್ವದಂತೆ ಬೆನ್ನಿನ ಸ್ನಾಯುಗಳ ಮೇಲಿನ ಎಳೆತ ಹಲವು ಪಟ್ಟು ಹೆಚ್ಚುತ್ತದೆ. ಮಂಡಿ ಮಡಿಸಿ, ಹೊರೆಯನ್ನು ಮೈಗೆ ಹತ್ತಿರ ಹಿಡಿದು ಎದ್ದರೆ ಆ ಎಳೆತ ತಗ್ಗುತ್ತದೆ. ಅದೇ ಸನ್ನೆ ತಳ್ಳುಗಾಡಿಯಲ್ಲಿ ಮಿತ್ರನಾಗುತ್ತದೆ: ಭಾರದ ಬಹುಪಾಲನ್ನು ಚಕ್ರವು ಹೊತ್ತು, ಸ್ವಲ್ಪ ಭಾಗ ಮಾತ್ರ ಕೈಗಳಿಗೆ ಉಳಿಯುತ್ತದೆ. ಮೇಲಂತಸ್ತಿಗೆ ರಾಟೆಯು ಉಪಯುಕ್ತ. ಆದರೆ ಹಗ್ಗ, ಕೊಕ್ಕೆಗಳನ್ನು ದಿನವೂ ಪರೀಕ್ಷಿಸಬೇಕು. ತೂಗುವ ಹೊರೆಯ ಕೆಳಗೆ ಯಾರೂ ನಿಲ್ಲಬಾರದು.

ಗೃಹಪ್ರವೇಶದ ದಿನ ಮನೆಯ ಬಾಗಿಲಿಗೆ ತೋರಣ ಕಟ್ಟುವರು. ಆ ಗೋಡೆಗಳ ಒಂದೊಂದು ಇಟ್ಟಿಗೆಯೂ ಯಾರದೋ ತಲೆಯ ಮೇಲೆ ಬಂದುದು. ಅದನ್ನು ಹೊತ್ತವರು ಸಂಜೆ ಸುರಕ್ಷಿತವಾಗಿ ತಮ್ಮ ಮನೆ ಸೇರಿದ್ದರೆ ಮಾತ್ರ ಆ ಮನೆಯ ಸಂತೋಷ ಪೂರ್ಣವಾದೀತು.